ಮಕ್ಕಳ ವಾರ್ಡಿನ ಲೆಕ್ಕವನ್ನೂ ವಾರಕ್ಕೊಮ್ಮೆ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಮಳೆ ಹಿಡಿದು ಒಂದು ತಿಂಗಳಾಗುವಷ್ಟರಲ್ಲಿ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. 'ಮಕ್ಕಳಲ್ಲಿ ವೈರಲ್ ಜ್ವರ ಹೆಚ್ಚಳ, ಆಸ್ಪತ್ರೆಗಳು ಭರ್ತಿ'. ಪಕ್ಕದಲ್ಲಿ ಒಂದು ಫೋಟೊ. ಒಂದೇ ಮಂಚದ ಮೇಲೆ ಇಬ್ಬರು ಮಕ್ಕಳು, ತಲೆದಿಂಬಿನ ಹತ್ತಿರ ಫ್ಲಾಸ್ಕ್ ಹಿಡಿದು ಕೂತ ಅಜ್ಜಿ. ಕೊನೆಗೆ ವೈದ್ಯರ ಹೇಳಿಕೆ: ಕಾಯಿಸಿ ಆರಿಸಿದ ನೀರು ಕುಡಿಸಿ, ಭಯ ಬೇಡ. ಹೋದ ವರ್ಷವೂ ಇದೇ, ಅದರ ಹಿಂದಿನ ವರ್ಷವೂ ಇದೇ. ಊರಿನ ಹೆಸರು, ತಾರೀಕು ಬದಲಾಯಿಸಿದರೆ ಮುಗಿಯಿತು. ಯಾವ ವೈರಸ್ ಅಂತ ಮಾತ್ರ ಎಂದೂ ಬರುವುದಿಲ್ಲ. ನಿಮ್ಮ ವರದಿಗಾರರು ಕೇಳುವುದಿಲ್ಲ, ನಮ್ಮ ಕಡೆಯವರು ಹೇಳುವುದಿಲ್ಲ. ಹೇಳೋಣ ಅಂದರೆ ಬಹಳ ಸಲ ನಮಗೇ ಗೊತ್ತಿರುವುದಿಲ್ಲ.

ನಾನು ಮಲೆನಾಡಿನ ಒಂದು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಶುಶ್ರೂಷಾಧಿಕಾರಿ. ಹುದ್ದೆಯ ಹೆಸರು ಎಷ್ಟೇ ಉದ್ದ ಇದ್ದರೂ ಜನ ಕರೆಯುವುದು ಸಿಸ್ಟರ್ ಅಂತಲೇ. ಸರ್ಕಾರಿ ನೌಕರಿ, ದಯವಿಟ್ಟು ಹೆಸರು ಹಾಕಬೇಡಿ. ಪತ್ರ ಸ್ವಲ್ಪ ಉದ್ದವಾಗಿದೆ. ಕತ್ತರಿ ಹಾಕಲೇಬೇಕಾದರೆ ಎಲ್ಲಿ ಬೇಕಾದರೂ ಹಾಕಿ, ಕೊನೆಯಲ್ಲಿ ಬರೆದಿರುವ ಬೇಡಿಕೆಗೆ ಮಾತ್ರ ಹಾಕಬೇಡಿ.

2025ರ ಜನವರಿ ನೆನಪಿದೆಯಾ? 6ನೇ ತಾರೀಕು ಕೇಂದ್ರ ಆರೋಗ್ಯ ಸಚಿವಾಲಯ ಒಂದು ಪ್ರಕಟಣೆ ಕೊಟ್ಟಿತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಎರಡು ಕೂಸುಗಳಿಗೆ ಎಚ್‌ಎಂಪಿವಿ ಅನ್ನುವ ಉಸಿರಾಟದ ವೈರಸ್ ಇರುವುದು ಪತ್ತೆಯಾಗಿದೆ, ಒಂದು 3 ತಿಂಗಳ ಹೆಣ್ಣು ಮಗು, ಇನ್ನೊಂದು 8 ತಿಂಗಳ ಗಂಡು ಮಗು ಅಂತ. ಅಷ್ಟೇ ಸಾಕಾಯಿತು. ಆ ದಿನ ಷೇರುಪೇಟೆಯ ಸೂಚ್ಯಂಕ 1,200ಕ್ಕೂ ಜಾಸ್ತಿ ಅಂಕ ಬಿತ್ತು. ಟಿವಿಯವರು ಕೊರೊನಾ ಕಾಲದ ಹಳೆಯ ದೃಶ್ಯಗಳನ್ನೆಲ್ಲ ಹುಡುಕಿ ಹಾಕಿದರು. ನಮ್ಮ ವಾರ್ಡಿಗೆ ಫೋನ್ ಮೇಲೆ ಫೋನ್: "ಸಿಸ್ಟರ್, ಆ ಹೊಸ ವೈರಸ್ ನಿಮ್ಮಲ್ಲಿಗೂ ಬಂದಿದೆಯಂತೆ, ಹೌದಾ?"

ಅದು ಹೊಸದೇ ಅಲ್ಲ. ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಅದನ್ನು ಗುರುತಿಸಿದ್ದು 2001ರಲ್ಲಿ. ಅದಕ್ಕೂ ಎಷ್ಟೋ ದಶಕಗಳ ಹಿಂದಿನಿಂದ ಅದು ಮನುಷ್ಯರಲ್ಲಿ ಓಡಾಡಿಕೊಂಡಿತ್ತು. ಆ ಎರಡು ಮಕ್ಕಳೂ ವಿದೇಶಕ್ಕೆ ಹೋಗಿ ಬಂದವಲ್ಲ, ಅಂದರೆ ವೈರಸ್ ಇಲ್ಲೇ ಇತ್ತು. ಪ್ರಕಟಣೆ ಬರುವ ಹೊತ್ತಿಗೆ ಹೆಣ್ಣು ಮಗು ಡಿಸ್ಚಾರ್ಜ್ ಆಗಿತ್ತು, ಗಂಡು ಮಗು ಚೇತರಿಸಿಕೊಳ್ಳುತ್ತಿತ್ತು. ಆ ಮಕ್ಕಳ ಈ ವಿವರವೆಲ್ಲ ಪ್ರಕಟಣೆಯಲ್ಲೇ ಇತ್ತು. ಓದಿದವರು ಕಡಿಮೆ. ಇನ್ನೊಂದು ವಿಷಯ ಯಾರ ಕಣ್ಣಿಗೂ ಬೀಳಲಿಲ್ಲ. ಆ ಮಕ್ಕಳಲ್ಲಿ ಎಚ್‌ಎಂಪಿವಿ ಸಿಕ್ಕಿದ್ದು ಯಾರೋ ಹುಡುಕಿದ್ದರಿಂದ. ಉಸಿರಾಟದ ತೊಂದರೆಯಿಂದ ದಾಖಲಾದ ಮಕ್ಕಳನ್ನು ಹಲವು ವೈರಸ್‌ಗಳಿಗೆ ಒಟ್ಟಿಗೆ ಪರೀಕ್ಷೆ ಮಾಡುವ ವ್ಯವಸ್ಥೆ ಅಲ್ಲಿ ಇತ್ತು, ಹಾಗಾಗಿ ಸಿಕ್ಕಿತು. ಆ ವಾರ ರಾಜ್ಯದ ಬೇರೆ ನೂರಾರು ವಾರ್ಡುಗಳಲ್ಲಿ ಅದೇ ಕೆಮ್ಮು, ಅದೇ ದಮ್ಮು ಇಟ್ಟುಕೊಂಡು ಮಲಗಿದ್ದ ಮಕ್ಕಳಿಗೆ ಏನಾಗಿತ್ತು? ಕೇಸ್ ಶೀಟ್ ತೆಗೆದು ನೋಡಿದರೆ ಹೆಚ್ಚಿನದರಲ್ಲಿ ಸಿಗುವುದು ಒಂದೇ ಪದ: ಎಲ್‌ಆರ್‌ಟಿಐ. ಅಂದರೆ ಶ್ವಾಸನಾಳದ ಕೆಳಭಾಗಕ್ಕೆ ಸೋಂಕು. ಯಾತರ ಸೋಂಕು ಅಂತ ಅಲ್ಲಿ ಬರೆದಿರುವುದಿಲ್ಲ.

ಎರಡೇ ವಾರ. ಆಮೇಲೆ ಎಲ್ಲರೂ ಎಚ್‌ಎಂಪಿವಿಯನ್ನು ಮರೆತರು. ಆ ವರ್ಷ ಮಳೆಗಾಲದಲ್ಲಿ ವಾರ್ಡ್ ಮತ್ತೆ ತುಂಬಿತು. ಆಗ ಯಾವ ಟಿವಿಯೂ ಬರಲಿಲ್ಲ.

ವಾರ್ಡ್ ತುಂಬುವುದು ಅಂದರೆ ಏನು ಅಂತ ಹೇಳುತ್ತೇನೆ. ರಾತ್ರಿ ಹತ್ತೂವರೆಗೆ ಒಂದು ಕುಟುಂಬ ಬರುತ್ತದೆ. ಮಗುವಿಗೆ ಮೂರು ತಿಂಗಳು. ಎರಡು ದಿನದ ಹಿಂದೆ ನೆಗಡಿ ಶುರುವಾಗಿದ್ದು, ಇವತ್ತು ಸಂಜೆಯಿಂದ ಹಾಲು ಹಿಡಿಯುತ್ತಿಲ್ಲ. ಮನೆಯಲ್ಲಿ ಅಂಗನವಾಡಿಗೆ ಹೋಗುವ ಅಕ್ಕ ಇದ್ದಾಳೆ, ಅವಳಿಗೆ ಹೋದ ವಾರ ನೆಗಡಿ. ಇದು ಬಹುತೇಕ ಯಾವಾಗಲೂ ಇರುವ ಕಥೆ, ದೊಡ್ಡ ಮಗುವಿನ ಸುಮ್ನೆ ನೆಗಡಿ ಚಿಕ್ಕದಕ್ಕೆ ದಮ್ಮಾಗಿ ಬಂದಿರುತ್ತದೆ. ಅಂಗಿ ಮೇಲೆತ್ತಿ ಎದೆ ನೋಡಬೇಕು. ಅಳುವಾಗ ನೋಡಿದರೆ ಲೆಕ್ಕಕ್ಕಿಲ್ಲ, ತಾಯಿಯ ತೋಳಲ್ಲಿ ಸಮಾಧಾನವಾದ ಮೇಲೆ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವವರೂ ಇದ್ದಾರೆ. ಎಳೆಗೂಸಿನ ಉಸಿರು ಒಂದೇ ಸಮ ಇರುವುದಿಲ್ಲ, ಆ ಲೆಕ್ಕ ತಪ್ಪುತ್ತದೆ. ಪೂರ್ತಿ ನಿಮಿಷ ಎಣಿಸಿದರೆ ಎಪ್ಪತ್ತು ದಾಟಿರುತ್ತದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಹಳ್ಳ ಬೀಳುತ್ತಿರುತ್ತದೆ, ಮೂಗಿನ ಹೊಳ್ಳೆ ಅರಳುತ್ತಿರುತ್ತದೆ. ಕಾಲ್ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿದರೆ ರಕ್ತದ ಆಕ್ಸಿಜನ್ ಮಟ್ಟ ಶೇ 88, 89 ಅಂತ ತೋರಿಸುತ್ತದೆ.

ಆಮೇಲೆ ಮಾಡುವುದು ಏನು? ಮೂಗಿಗೆ ಸಲೈನ್ ಹನಿ ಹಾಕಿ ಸಿಂಬಳ ಎಳೆಯುವುದು, ಮೂಗಿಗೆ ಪ್ರಾಂಗ್ ಅನ್ನುವ ಸಣ್ಣ ಕೊಳವೆ ಇಟ್ಟು ಆಕ್ಸಿಜನ್ ಕೊಡುವುದು, ಎದೆಹಾಲನ್ನು ಸ್ವಲ್ಪ ಸ್ವಲ್ಪವೇ ಕುಡಿಸುವುದು, ಕುಡಿಯಲಾರದಿದ್ದರೆ ನಳಿಗೆಯಲ್ಲಿ ಕೊಡುವುದು. ಬ್ರಾಂಕಿಯೋಲೈಟಿಸ್ ಅನ್ನುವ ಈ ಕಾಯಿಲೆಗೆ ಮದ್ದು ಇಷ್ಟೇ. ಮೂರನೇ ದಿನದಿಂದ ಐದನೇ ದಿನದವರೆಗೆ ಜೋರು, ಆಮೇಲೆ ಇಳಿಯುತ್ತದೆ. ನೆಬ್ಯುಲೈಸರ್ ಹಾಕಿಲ್ಲ ಅಂತ ಮನೆಯವರು ಸಿಟ್ಟಾಗುತ್ತಾರೆ. ಹೊಗೆ ಬರುವ ಮೆಷಿನ್ ನೋಡಿದರೆ ಅವರಿಗೆ ಏನೋ ಚಿಕಿತ್ಸೆ ನಡೆಯುತ್ತಿದೆ ಅನ್ನಿಸುತ್ತದೆ. ಇಷ್ಟು ಚಿಕ್ಕ ಮಕ್ಕಳ ಬ್ರಾಂಕಿಯೋಲೈಟಿಸ್‌ಗೆ ಅದರಿಂದ ಹೇಳಿಕೊಳ್ಳುವ ಲಾಭ ಇಲ್ಲ ಅಂತ ಮಕ್ಕಳ ತಜ್ಞರ ಮಾರ್ಗಸೂಚಿಗಳು ಹೇಳಿ ವರ್ಷಗಳೇ ಆದವು. ಆದರೂ ಹಾಕುತ್ತೇವೆ. ರಾತ್ರಿ ಎರಡು ಗಂಟೆಗೆ ಹತ್ತು ಜನ ನೆಂಟರ ಎದುರು ಮಾರ್ಗಸೂಚಿ ಓದಿ ಹೇಳುವುದು ಅಷ್ಟು ಸುಲಭ ಅಲ್ಲ.

ಇಂಥ ಮಕ್ಕಳಲ್ಲಿ ಅತಿ ಹೆಚ್ಚು ಸಿಗುವ ವೈರಸ್‌ನ ಹೆಸರು ಆರ್‌ಎಸ್‌ವಿ. ಎಚ್‌ಎಂಪಿವಿಯ ಹತ್ತಿರದ ಸಂಬಂಧಿ, ಆದರೆ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಕಾಟ ಕೊಡುವಂಥದ್ದು. 1956ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ನೆಗಡಿಯಾಗಿದ್ದ ಚಿಂಪಾಂಜಿಗಳಲ್ಲಿ ಇದು ಮೊದಲು ಸಿಕ್ಕಿತು. ಮರುವರ್ಷವೇ ಮಕ್ಕಳಲ್ಲಿ ಸಿಕ್ಕಿತು, ಚಿಂಪಾಂಜಿಗಳಿಗೆ ಅಂಟಿಸಿದ್ದು ಮನುಷ್ಯರೇ ಇರಬೇಕು ಅಂತ ಆಮೇಲೆ ಗೊತ್ತಾಯಿತು. ಎರಡು ವರ್ಷ ತುಂಬುವುದರೊಳಗೆ ಹೆಚ್ಚು ಕಡಿಮೆ ಪ್ರತಿ ಮಗುವಿಗೂ ಒಂದು ಸಲವಾದರೂ ಇದು ಬಂದು ಹೋಗಿರುತ್ತದೆ. ಬಹಳ ಮಕ್ಕಳಿಗೆ ಬರೀ ನೆಗಡಿ. ಕೆಲವರಿಗೆ ಮಾತ್ರ ಶ್ವಾಸಕೋಶಕ್ಕೆ ಇಳಿಯುತ್ತದೆ. 2019ನೇ ಇಸವಿಯ ಲೆಕ್ಕ ಹಾಕಿದ ಅಂತರರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ ಆ ಒಂದೇ ವರ್ಷ ಜಗತ್ತಿನಲ್ಲಿ 5 ವರ್ಷದೊಳಗಿನ ಸುಮಾರು 3.3 ಕೋಟಿ ಮಕ್ಕಳಿಗೆ ಆರ್‌ಎಸ್‌ವಿಯಿಂದ ಶ್ವಾಸಕೋಶದ ಸೋಂಕಾಯಿತು, 36 ಲಕ್ಷ ಮಕ್ಕಳು ಆಸ್ಪತ್ರೆ ಸೇರಿದರು, ಒಂದು ಲಕ್ಷಕ್ಕೂ ಸ್ವಲ್ಪ ಹೆಚ್ಚು ಮಕ್ಕಳು ತೀರಿಹೋದರು. ತೀರಿಕೊಂಡವರಲ್ಲಿ 45 ಸಾವಿರಕ್ಕೂ ಹೆಚ್ಚು 6 ತಿಂಗಳು ತುಂಬದ ಕೂಸುಗಳು. ಶೇ 97ರಷ್ಟು ಸಾವು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.

ಇನ್ನೊಂದು ಲೆಕ್ಕ ನೋಡಿ. ಆಸ್ಪತ್ರೆಯಲ್ಲಿ ಸತ್ತವರು 26 ಸಾವಿರ ಚಿಲ್ಲರೆ. ಒಟ್ಟು ಸಾವು ಒಂದು ಲಕ್ಷ. ಮಿಕ್ಕವರು ಎಲ್ಲಿ? ಮನೆಯಲ್ಲಿ, ದಾರಿಯಲ್ಲಿ. ಅಂದರೆ ಆಸ್ಪತ್ರೆಯ ರಿಜಿಸ್ಟರ್ ನೋಡಿ ಲೆಕ್ಕ ಹಾಕಿದರೆ ನಾಲ್ಕರಲ್ಲಿ ಮೂರು ಪಾಲು ಕಾಣುವುದೇ ಇಲ್ಲ. ಕಾಣುವ ಒಂದು ಪಾಲಿಗಾದರೂ ಸರಿಯಾದ ಹೆಸರು ಬರೆಯಬೇಕಲ್ಲವೇ?

'ಹೆಸರು ಗೊತ್ತಾದರೆ ಏನು ಬಂತು ಸಿಸ್ಟರ್, ಚಿಕಿತ್ಸೆ ಅದೇ ತಾನೆ' ಅಂತ ನಮ್ಮ ಡಾಕ್ಟರರೇ ಕೆಲವರು ಕೇಳುತ್ತಾರೆ. ಒಂದು ಮಗುವಿನ ಮಟ್ಟಿಗೆ ಅದು ನಿಜ. ಮಂಚದ ಮೇಲಿರುವ ಮಗುವಿಗೆ ಆರ್‌ಎಸ್‌ವಿ ಆದರೂ ಆಕ್ಸಿಜನ್ನೇ, ಪ್ಯಾರಾ ಇನ್‌ಫ್ಲುಯೆಂಜಾ ಅನ್ನುವ ಇನ್ನೊಂದು ವೈರಸ್ ಆದರೂ ಆಕ್ಸಿಜನ್ನೇ. ಜ್ವರ ಇನ್‌ಫ್ಲುಯೆಂಜಾದ್ದಾದರೆ ಒಸೆಲ್ಟಾಮಿವಿರ್ ಅನ್ನುವ ಔಷಧ ಕೊಡಬಹುದು, ಅಷ್ಟು ಬಿಟ್ಟರೆ ವ್ಯತ್ಯಾಸ ಕಡಿಮೆ. ಆದರೆ ಜಿಲ್ಲೆಯ ಮಟ್ಟಿಗೆ, ರಾಜ್ಯದ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ.

ಮೊದಲನೆಯದು ಕಾಲದ ಪ್ರಶ್ನೆ. ಆರ್‌ಎಸ್‌ವಿ ಚಳಿಗಾಲದ ಕಾಯಿಲೆ ಅಂತ ಪುಸ್ತಕಗಳಲ್ಲಿ ಇದೆ. ಅದು ಲಂಡನ್ನಿಗೆ ಸರಿ, ದೆಹಲಿಗೂ ಸರಿ. ಉತ್ತರ ಭಾರತದಲ್ಲಿ ಡಿಸೆಂಬರ್, ಜನವರಿ ಚಳಿಯಲ್ಲಿ ಮಕ್ಕಳ ವಾರ್ಡ್ ತುಂಬುತ್ತದೆ. ನಮ್ಮ ದಕ್ಷಿಣದಲ್ಲಿ ಮಳೆಯ ಜೊತೆಗೆ ಏರುತ್ತದೆ, ಮಳೆ ಹಿಂದೆ ಸರಿಯುವ ತಿಂಗಳುಗಳಲ್ಲಿ ಜೋರಾಗಿರುತ್ತದೆ. ಇನ್‌ಫ್ಲುಯೆಂಜಾ ಕೂಡ ಹಾಗೆಯೇ. ಶ್ರೀನಗರದಲ್ಲಿ ಅದು ಚಳಿಗಾಲಕ್ಕೆ, ದೇಶದ ಹೆಚ್ಚಿನ ಕಡೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ. ಅದಕ್ಕೇ ನಮ್ಮ ಕಡೆ ಫ್ಲೂ ಲಸಿಕೆ ಹಾಕಿಸುವುದಾದರೆ ಏಪ್ರಿಲ್, ಮೇ ಒಳ್ಳೆಯ ಹೊತ್ತು. ಮಕ್ಕಳ ತಜ್ಞರ ಸಂಘ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಪ್ರತಿ ವರ್ಷ ಹಾಕಿಸಿ ಅನ್ನುತ್ತದೆ. ಆದರೆ ಹಾಕಿಸಬೇಕೆಂದು ಜನರಿಗೆ ನೆನಪಾಗುವುದು ಆಗಸ್ಟಿನಲ್ಲಿ, ನಿಮ್ಮ ಪತ್ರಿಕೆಯ ಆ ಸುದ್ದಿ ಓದಿದ ಮೇಲೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಎಲ್ಲರಿಗೂ ಬಂದಾಗಿರುತ್ತದೆ.

ಅದೂ ಪ್ರತಿ ವರ್ಷ ಒಂದೇ ಥರ ಇರುವುದಿಲ್ಲ. ಕೊರೊನಾ ಬಂದ 2020ರಲ್ಲಿ ಜಗತ್ತಿನ ಎಷ್ಟೋ ಕಡೆ ಆರ್‌ಎಸ್‌ವಿ ಮಾಯವೇ ಆಯಿತು. ಶಾಲೆ ಇಲ್ಲ, ಮದುವೆ ಇಲ್ಲ, ಎಲ್ಲರ ಮುಖಕ್ಕೂ ಮಾಸ್ಕ್. ಆಮೇಲೆ ಬಿರುಬೇಸಿಗೆಯಲ್ಲಿ ಆಸ್ಟ್ರೇಲಿಯಾದಲ್ಲಿ ಧಿಡೀರನೆ ಎದ್ದಿತು, 2022ರ ಕೊನೆಗೆ ಅಮೆರಿಕದ ಮಕ್ಕಳ ಆಸ್ಪತ್ರೆಗಳು ಮಂಚ ಸಾಲದೆ ಒದ್ದಾಡಿದವು. ವೈರಸ್ಸಿನ ಪರಿಚಯವೇ ಆಗದ ಮಕ್ಕಳು ಎರಡು ಮೂರು ವರ್ಷದಷ್ಟು ಒಟ್ಟಿಗೆ ಸೇರಿಕೊಂಡಿದ್ದರಲ್ಲ, ಅದಕ್ಕೆ. ವಾರವಾರ ಎಣಿಸುತ್ತಿದ್ದ ದೇಶಗಳಿಗೆ ಇದು ಮೊದಲೇ ಕಂಡಿತು. ಎಣಿಸದವರಿಗೆ ವಾರ್ಡ್ ತುಂಬಿದ ಮೇಲೆ ಕಂಡಿತು.

ನಮ್ಮ ದೇಶದ್ದೇ ಉದಾಹರಣೆ ಬೇಕಾ? 2023ರ ಮೊದಲ ತಿಂಗಳುಗಳಲ್ಲಿ ಕೋಲ್ಕತ್ತ. ಮಕ್ಕಳ ಐಸಿಯುಗಳು ತುಂಬಿ ತುಳುಕಿದವು, ಸಾವುಗಳಾದವು. ಅಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಕಂಡದ್ದು ಅಡಿನೋವೈರಸ್, ಅದರಲ್ಲೂ 3 ಮತ್ತು 7ನೇ ಬಗೆಗಳು ಬೆರೆತದ್ದು. ಅಡಿನೋ ಸಾಧಾರಣವಾಗಿ ಕಣ್ಣು ಕೆಂಪಾಗಿ, ಗಂಟಲು ನೋವಾಗಿ, ನಾಲ್ಕು ದಿನ ಜ್ವರ ಬಂದು ಹೋಗುವ ವೈರಸ್. ಈ ಬಗೆಗಳು ಹಾಗಲ್ಲ, ಶ್ವಾಸಕೋಶಕ್ಕೇ ಕೈ ಹಾಕುತ್ತವೆ, ಬದುಕಿ ಉಳಿದ ಕೆಲವು ಮಕ್ಕಳಿಗೂ ತಿಂಗಳುಗಟ್ಟಲೆ ದಮ್ಮು ಬಿಡುವುದಿಲ್ಲ. ಹೆಸರು ಗೊತ್ತಾದ ಮೇಲೆ ಅಲ್ಲಿನ ಸರ್ಕಾರ ಆಸ್ಪತ್ರೆಗಳಿಗೆ ಸೂಚನೆ ಕೊಟ್ಟಿತು, ಸಹಾಯವಾಣಿ ತೆರೆಯಿತು, ಜಿಲ್ಲೆಗಳಲ್ಲಿ ಹಾಸಿಗೆ ಸಿದ್ಧ ಮಾಡಿಸಿತು. ಅದೇ ವೈರಸ್ ಆ ವರ್ಷ ನಮ್ಮ ಜಿಲ್ಲೆಗೂ ಬಂದಿತ್ತಾ? ನಮ್ಮ ರಿಜಿಸ್ಟರ್ ಕೇಳಿದರೆ 'ಎಲ್‌ಆರ್‌ಟಿಐ' ಅನ್ನುತ್ತದೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು, ಇಲ್ಲದಿದ್ದರೆ ನಾಳೆ ಯಾರಾದರೂ ನನ್ನ ಪತ್ರ ತೋರಿಸಿ ಬಿಲ್ ಮಾಡಿಯಾರು. ಪ್ರತಿ ಮಗುವಿಗೂ ಇಪ್ಪತ್ತು ವೈರಸ್‌ಗಳ ಪಿಸಿಆರ್ ಪ್ಯಾನೆಲ್ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ದೊಡ್ಡ ಊರುಗಳ ಖಾಸಗಿ ಆಸ್ಪತ್ರೆಗಳಲ್ಲಿ ಆ ಪರೀಕ್ಷೆಗೆ ಹಲವು ಸಾವಿರ ರೂಪಾಯಿ. ನಮ್ಮ ಸಂಬಂಧಿಕರ ಮಗುವಿಗೆ ಒಂದು ಕಡೆ ಮಾಡಿಸಿದರು, ರಿಪೋರ್ಟ್ ಬರುವಷ್ಟರಲ್ಲಿ ಮಗು ಎದ್ದು ಆಡುತ್ತಿತ್ತು. ಬಂದ ರಿಪೋರ್ಟಿನಲ್ಲಿ 'ರೈನೋವೈರಸ್ ಪಾಸಿಟಿವ್' ಅಂತ ನೋಡಿ ಮನೆಯವರು ಮತ್ತೆ ಹೆದರಿದರು. ರೈನೋ ಅಂದರೆ ನೆಗಡಿಯ ವೈರಸ್ಸೇ. ಚೆನ್ನಾಗಿ ಓಡಾಡಿಕೊಂಡಿರುವ ಮಗುವಿನ ಮೂಗಿನಲ್ಲೂ ಅದು ಸಿಗುತ್ತದೆ. ಮೂಗಿನಲ್ಲಿ ಸಿಕ್ಕ ತಕ್ಷಣ ನ್ಯುಮೋನಿಯಾ ಆಗಿದ್ದು ಅದರಿಂದಲೇ ಅಂತ ಹೇಳಲಿಕ್ಕೆ ಆಗುವುದಿಲ್ಲ.

ಇದನ್ನು ಸರಿಯಾಗಿ ಬಿಡಿಸಬೇಕಾದರೆ ಕಾಯಿಲೆ ಇರುವ ಮಕ್ಕಳ ಜೊತೆಗೆ ಅದೇ ಊರಿನ ಆರೋಗ್ಯವಂತ ಮಕ್ಕಳ ಮೂಗನ್ನೂ ಪರೀಕ್ಷೆ ಮಾಡಿ ಹೋಲಿಸಬೇಕು. ಪರ್ಚ್ ಅನ್ನುವ ದೊಡ್ಡ ಅಧ್ಯಯನ ಇದನ್ನೇ ಮಾಡಿತು. ಬಾಂಗ್ಲಾದೇಶ, ಥಾಯ್ಲೆಂಡ್, ಜೊತೆಗೆ ಆಫ್ರಿಕಾದ ಗ್ಯಾಂಬಿಯಾ, ಕೀನ್ಯಾ, ಮಾಲಿ, ದಕ್ಷಿಣ ಆಫ್ರಿಕಾ, ಜಾಂಬಿಯಾ, ಹೀಗೆ 7 ದೇಶ. ಫಲಿತಾಂಶ ಬಂದಿದ್ದು 2019ರಲ್ಲಿ. ತೀವ್ರ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿ, ಎಕ್ಸ್‌ರೇಯಲ್ಲೂ ಗುರುತು ಕಂಡ, ಎಚ್‌ಐವಿ ಇಲ್ಲದ ಮಕ್ಕಳಲ್ಲಿ ಶೇ 61ರಷ್ಟಕ್ಕೆ ಕಾರಣ ವೈರಸ್‌ಗಳು, ಆರ್‌ಎಸ್‌ವಿ ಒಂದರದ್ದೇ ಶೇ 31. ಆ ಪಟ್ಟಿಯಲ್ಲಿ ಭಾರತ ಇಲ್ಲ. ಪಕ್ಕದ ಬಾಂಗ್ಲಾದ ಮಕ್ಕಳ ಮೂಗಿನಲ್ಲಿ ಏನಿತ್ತು ಅಂತ ಜಗತ್ತಿಗೆ ಗೊತ್ತು.

ಹಾಗಾದರೆ ಮೊದಲು ಬ್ಯಾಕ್ಟೀರಿಯಾ ಇರಲಿಲ್ಲವೇ? ಇತ್ತು, ಈಗಲೂ ಇದೆ. ಪೆಂಟಾವೇಲೆಂಟ್ ಲಸಿಕೆ ಬಂದ ಮೇಲೆ ಹಿಬ್ ಬ್ಯಾಕ್ಟೀರಿಯಾದ ಹಾವಳಿ ಇಳಿಯಿತು. ನ್ಯುಮೋಕಾಕಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾದ ವಿರುದ್ಧದ ಪಿಸಿವಿ ಲಸಿಕೆ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ದೇಶಕ್ಕೆಲ್ಲ ಬಂತು. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ ಕೊಡುತ್ತೇವೆ, ತಾಯಿ ಕಾರ್ಡಿನಲ್ಲಿ ನೋಡಬಹುದು. ಇವು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತವೆಯೋ ಅಷ್ಟು ಮಟ್ಟಿಗೆ ಉಳಿದ ನ್ಯುಮೋನಿಯಾದಲ್ಲಿ ವೈರಸ್ಸಿನ ಪಾಲು ದೊಡ್ಡದಾಗುತ್ತದೆ. ಆದರೆ ನಾವು ಔಷಧ ಬರೆಯುವ ಕೈ ಮಾತ್ರ ಹಳೆಯದೇ. ನೆಗಡಿ ಕೆಮ್ಮಿಗೆ ಊರಿನ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಒಂದು ಆ್ಯಂಟಿಬಯಾಟಿಕ್ ಸಿರಪ್ಪು, ಒಂದು ಕೆಮ್ಮಿನ ಸಿರಪ್ಪು ಕೈಗೆ ಬರುತ್ತವೆ. ವೈರಸ್ಸಿಗೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ, ಇದು ಶಾಪಿನವರಿಗೂ ಗೊತ್ತು.

ಕೆಮ್ಮಿನ ಸಿರಪ್ಪಿನ ಕಥೆ 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ನೋಡಿದೆವು. ಸಾಧಾರಣ ಶೀತ, ಕೆಮ್ಮು, ಜ್ವರಕ್ಕೆ ಸಿರಪ್ ಕುಡಿಸಿದ ಮಕ್ಕಳಿಗೆ ಮೂತ್ರ ನಿಂತು, ಮೂತ್ರಪಿಂಡ ಕೆಟ್ಟು, 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಪರೀಕ್ಷೆ ಮಾಡಿದರೆ ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ಕಾರ್ಖಾನೆಯ ವಿಷ ಶೇ 48.6. ಹೆಚ್ಚು ಕಡಿಮೆ ಅರ್ಧ ಬಾಟಲಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಅಂತ ಕೇಂದ್ರ ಆಗ ಸೂಚನೆ ಹೊರಡಿಸಿತು. ವಿಷದ ಬಗ್ಗೆ ಎಲ್ಲರೂ ಮಾತಾಡಿದರು, ಮಾತಾಡಲೇಬೇಕಿತ್ತು. ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಬೇರೆ. ವಿಷ ಇಲ್ಲದ, ಶುದ್ಧವಾದ ಸಿರಪ್ ಆಗಿದ್ದರೂ ಇಷ್ಟು ಚಿಕ್ಕ ಮಕ್ಕಳಿಗೆ ಅದರ ಅಗತ್ಯ ಇತ್ತಾ? 'ನಿಮ್ಮ ತಾಲ್ಲೂಕಿನಲ್ಲಿ ಈ ವಾರ ಹರಡಿರುವುದು ಇಂಥ ವೈರಸ್, ಐದಾರು ದಿನ ಇರುತ್ತದೆ, ಇಂಥ ಲಕ್ಷಣ ಕಂಡರೆ ಮಾತ್ರ ಓಡಿ ಬನ್ನಿ' ಅಂತ ಯಾರಾದರೂ ತಂದೆತಾಯಿಗೆ ನಂಬಿಕೆ ಬರುವ ಹಾಗೆ ಹೇಳಿದ್ದರೆ ಎಷ್ಟು ಬಾಟಲಿ ಕಡಿಮೆ ಮಾರಾಟವಾಗುತ್ತಿತ್ತು? ಗೊತ್ತಿಲ್ಲದ ಕಾಯಿಲೆಗೆ ಜನ ಸಿಕ್ಕಿದ್ದನ್ನು ಕುಡಿಸುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ.

ಎರಡನೆಯ ಕಾರಣ ಲಸಿಕೆ. ಆರ್‌ಎಸ್‌ವಿಗೆ ಲಸಿಕೆ ಮಾಡಲು 1960ರ ದಶಕದಲ್ಲೇ ಅಮೆರಿಕದಲ್ಲಿ ಪ್ರಯತ್ನ ಆಗಿತ್ತು. ಫಾರ್ಮಲಿನ್‌ನಲ್ಲಿ ಸಾಯಿಸಿದ ವೈರಸ್ ಕೊಟ್ಟರು. ಆಮೇಲೆ ನಿಜವಾದ ಸೋಂಕು ಬಂದಾಗ ಲಸಿಕೆ ಪಡೆದ ಮಕ್ಕಳಿಗೇ ಕಾಯಿಲೆ ಜೋರಾಯಿತು, ಇಬ್ಬರು ತೀರಿಕೊಂಡರು. ಆ ಏಟಿಗೆ ಈ ಕೆಲಸ ದಶಕಗಟ್ಟಲೆ ಹಿಂದೆ ಬಿತ್ತು. ಈಗ ಕಾಲ ಬದಲಾಗಿದೆ. ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಕೊಡುವ ಲಸಿಕೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ತಾಯಿಯ ರಕ್ಷಣೆ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಇಳಿಯುತ್ತದೆ. ಹುಟ್ಟಿದ ಮಗುವಿಗೇ ಒಂದು ಚುಚ್ಚುಮದ್ದಿನಲ್ಲಿ ಸಿದ್ಧ ಪ್ರತಿಕಾಯ ಕೊಡುವ ನಿರ್ಸೆವಿಮ್ಯಾಬ್ ಕೂಡ ಬಂದಿದೆ. ಸ್ಪೇನಿನ ಗಲೀಸಿಯಾ ಪ್ರಾಂತ್ಯ 2023ರ ಸೆಪ್ಟೆಂಬರ್ ಕೊನೆಯಿಂದ ಅದನ್ನು ಎಲ್ಲ ಎಳೆಗೂಸುಗಳಿಗೆ ಕೊಡಲು ಶುರು ಮಾಡಿ, ಆರ್‌ಎಸ್‌ವಿಯಿಂದ ಆಸ್ಪತ್ರೆ ಸೇರುವುದನ್ನು ಶೇ 80ರಷ್ಟು ತಪ್ಪಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ ಈ ಎರಡರಲ್ಲಿ ಒಂದನ್ನು ಎಲ್ಲ ದೇಶಗಳೂ ಕೊಡಲಿ ಅಂದಿದೆ.

ನಮ್ಮ ಸಾರ್ವತ್ರಿಕ ಲಸಿಕಾ ಪಟ್ಟಿಗೆ ಇದು ಇವತ್ತಲ್ಲ ನಾಳೆ ಬರಲೇಬೇಕು. ಬೆಲೆ ಇಳಿಯಬೇಕು, ಅದು ಬೇರೆ ಜಗಳ. ಆದರೆ ಬಂದ ದಿನ ಮೊದಲ ಪ್ರಶ್ನೆ ಇದೇ: ಕರ್ನಾಟಕದಲ್ಲಿ ಯಾವ ತಿಂಗಳು ಶುರು ಮಾಡಬೇಕು? ಜೂನ್‌ಗಾ, ಆಗಸ್ಟ್‌ಗಾ? ಕೊಡಗಿಗೂ ಕಲಬುರಗಿಗೂ ಒಂದೇ ತಿಂಗಳಾ? ಮಂಗಳೂರಿನ ಮಳೆ ಬೇರೆ, ಬಳ್ಳಾರಿಯ ಮಳೆ ಬೇರೆ. ಗರ್ಭಿಣಿಗೆ ಒಂದು ತಿಂಗಳು ತಡವಾಗಿ ಕೊಟ್ಟರೆ ಆ ವರ್ಷದ ಮಕ್ಕಳಿಗೆ ಅದು ಕೊಟ್ಟೂ ಕೊಡದ ಹಾಗೆ. ಈ ಪ್ರಶ್ನೆಗೆ ದೆಹಲಿಯ ಲೆಕ್ಕ ಇಟ್ಟುಕೊಂಡು ಉತ್ತರ ಹೇಳಿದರೆ ಚಳಿಗಾಲಕ್ಕೆ ಸರಿಯಾಗಿ ಲಸಿಕೆ ಬಂದು, ನಮ್ಮ ಮಕ್ಕಳು ಮಳೆಗಾಲದಲ್ಲೇ ಮಲಗಿರುತ್ತಾರೆ. ಜಿಲ್ಲಾವಾರು ನಾಲ್ಕೈದು ವರ್ಷದ ಲೆಕ್ಕ ಕೈಯಲ್ಲಿರಬೇಕು. ಅದನ್ನು ಲಸಿಕೆ ಬಂದ ಮೇಲೆ ಶುರು ಮಾಡಿದರೆ ಏನು ಬಂತು?

ವ್ಯವಸ್ಥೆ ಇಲ್ಲವೇ ಅಂದರೆ, ಇದೆ. ಐಸಿಎಂಆರ್ ಅನ್ನುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವೈರಸ್ ಪ್ರಯೋಗಾಲಯಗಳ ಜಾಲ ರಾಜ್ಯದಲ್ಲೂ ಇದೆ. ಬೆಂಗಳೂರಿನಲ್ಲಿ ಎನ್‌ಐವಿ ಅನ್ನುವ ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕ ಇದೆ. ಕೊರೊನಾ ಬಂದಾಗ ಜಿಲ್ಲೆ ಜಿಲ್ಲೆಗೂ ಆರ್‌ಟಿಪಿಸಿಆರ್ ಮೆಷಿನ್ ಬಂದವು, ಅವುಗಳಲ್ಲಿ ಎಷ್ಟಕ್ಕೆ ಈಗ ಪೂರ್ತಿ ಕೆಲಸ ಇದೆಯೋ ನಿಮ್ಮ ವರದಿಗಾರರೇ ಒಂದು ಸುತ್ತು ಹಾಕಿ ಬರಲಿ. ರೋಗಗಳ ಲೆಕ್ಕ ಸೇರಿಸುವ ಐಎಚ್‌ಐಪಿ ಅನ್ನುವ ಆನ್‌ಲೈನ್ ಪೋರ್ಟಲ್ ಮೊದಲು ಶುರುವಾದ 7 ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2018ರಲ್ಲೇ. ಎಸ್, ಪಿ, ಎಲ್ ಅಂತ ಮೂರು ಫಾರಂ ತುಂಬುತ್ತೇವೆ. ತೀವ್ರ ಉಸಿರಾಟದ ಸೋಂಕು ಅಂತ ಒಂದು ಸಾಲು ಇದೆ, ಅಲ್ಲಿ ಸಂಖ್ಯೆ ಹಾಕುತ್ತೇವೆ. ಸಂಖ್ಯೆ ಮೇಲೆ ಹೋಗುತ್ತದೆ. ಕೆಳಗೆ ಬರುವುದನ್ನು ನಾನಂತೂ ನೋಡಿಲ್ಲ. ಕೆಲವು ಸಲ ಮೂಗಿನ ಸ್ವಾಬ್ ತೆಗೆದು, ಗುಲಾಬಿ ದ್ರವದ ವಿಟಿಎಂ ಟ್ಯೂಬಿಗೆ ಹಾಕಿ, ಐಸ್ ಬಾಕ್ಸಿನಲ್ಲಿಟ್ಟು ಕಳಿಸುತ್ತೇವೆ. ಎಚ್‌1ಎನ್‌1 ಅಲ್ಲ, ಕೊರೊನಾ ಅಲ್ಲ ಅಂತ ರಿಪೋರ್ಟ್ ಬರುತ್ತದೆ. ಅಲ್ಲ ಅಂದಿದ್ದು ಸರಿ. ಮತ್ತೆ ಏನು?

ರಾಜ್ಯಕ್ಕೆ ಇದನ್ನು ಮಾಡಲು ಬರುವುದಿಲ್ಲ ಅಂತಲೂ ಅಲ್ಲ. 2024ರಲ್ಲಿ ಡೆಂಗಿ ಜಾಸ್ತಿಯಾದಾಗ ಆರೋಗ್ಯ ಇಲಾಖೆ ದಿನಾ ಬುಲೆಟಿನ್ ಬಿಡುಗಡೆ ಮಾಡಿತು. ಜಿಲ್ಲಾವಾರು, ವಯಸ್ಸಿನ ಪ್ರಕಾರ ಬಿಡಿಸಿ. ನೀವೂ ಅಚ್ಚು ಹಾಕಿದಿರಿ, ಜನ ತೊಟ್ಟಿಯ ನೀರು ಚೆಲ್ಲಿದರು. ಉಸಿರಾಟದ ಸೋಂಕಿಗೆ ದಿನಾ ಬೇಡ, ವಾರಕ್ಕೊಂದು ಸಾಕು. ಎಲ್ಲ ಮಕ್ಕಳನ್ನೂ ಪರೀಕ್ಷೆ ಮಾಡುವುದೂ ಬೇಡ. ಜಿಲ್ಲೆಗೆ ಒಂದು ಆಸ್ಪತ್ರೆ ಆರಿಸಿಕೊಂಡು, ವಾರದಲ್ಲಿ ಗೊತ್ತುಮಾಡಿದ ದಿನ ದಮ್ಮಿನಿಂದ ದಾಖಲಾದ ಐದು ವರ್ಷದೊಳಗಿನ ಮೊದಲ ಕೆಲವು ಮಕ್ಕಳ ಸ್ವಾಬ್ ತೆಗೆಯಲಿ. ಆರ್‌ಎಸ್‌ವಿ, ಇನ್‌ಫ್ಲುಯೆಂಜಾ, ಎಚ್‌ಎಂಪಿವಿ, ಅಡಿನೋ, ಪ್ಯಾರಾ ಇನ್‌ಫ್ಲುಯೆಂಜಾ, ಕೊರೊನಾ, ಇಷ್ಟನ್ನು ನೋಡಲಿ. ಆರು ತಿಂಗಳೊಳಗಿನ ಮಕ್ಕಳ ಲೆಕ್ಕ ಬೇರೆ ಇಡಲಿ, ಯಾಕೆಂದರೆ ಸಾಯುವ ಅಪಾಯ ಅವರಿಗೇ ಜಾಸ್ತಿ, 'ಐದು ವರ್ಷದೊಳಗೆ' ಅಂತ ಒಟ್ಟು ಹಾಕಿದರೆ ಅವರು ಅದರಲ್ಲಿ ಕರಗಿಹೋಗುತ್ತಾರೆ. ವರ್ಷಪೂರ್ತಿ ಮಾಡಲಿ. ಮಳೆಗಾಲದಲ್ಲಿ ಮಾತ್ರ ಮಾಡಿದರೆ ಮಳೆಗಾಲದಲ್ಲೇ ಕಾಯಿಲೆ ಇದೆ ಅಂತ ಸಾಬೀತಾಗುತ್ತದೆ, ಅಷ್ಟೇ.

ಇದರಿಂದ ವಾರ್ಡಿಗೂ ಲಾಭ. ಆರ್‌ಎಸ್‌ವಿ ಗಟ್ಟಿ ಮೇಲ್ಮೈ ಮೇಲೆ ಗಂಟೆಗಟ್ಟಲೆ ಬದುಕುತ್ತದೆ. ಮಂಚದ ಕಂಬಿ, ಸ್ಟೆತಾಸ್ಕೋಪು, ನಮ್ಮ ಕೈ. ಬೇರೆ ಕಾಯಿಲೆಗೆ ಬಂದ ಮಗು ಇಲ್ಲಿ ನಾಲ್ಕು ದಿನ ಇದ್ದು ಆರ್‌ಎಸ್‌ವಿ ಅಂಟಿಸಿಕೊಂಡು ಹೋಗುವುದುಂಟು. ಹೃದಯದಲ್ಲಿ ತೂತಿರುವ ಮಗುವೋ, ದಿನ ತುಂಬದೆ ಹುಟ್ಟಿದ ಮಗುವೋ ಆದರೆ ಅದು ಜೀವಕ್ಕೇ ಬರುತ್ತದೆ. ಈ ವಾರ ಏರುತ್ತಿದೆ ಅಂತ ಮೊದಲೇ ಗೊತ್ತಿದ್ದರೆ ದಮ್ಮಿನ ಮಕ್ಕಳನ್ನು ಒಂದು ಕಡೆ, ಉಳಿದವರನ್ನು ಇನ್ನೊಂದು ಕಡೆ ಮಲಗಿಸಬಹುದು, ನೋಡಲು ಬರುವ ನೆಂಟರನ್ನು ಗೇಟಿನಲ್ಲೇ ತಡೆಯಬಹುದು, ಸಣ್ಣ ಅಳತೆಯ ಪ್ರಾಂಗುಗಳನ್ನು ಮುಂಚೆಯೇ ತರಿಸಿಡಬಹುದು. ಎಳೆಮಕ್ಕಳ ಅಳತೆಯ ಪ್ರಾಂಗ್ ಖಾಲಿಯಾಗುವುದು ಯಾವಾಗಲೂ ಭಾನುವಾರ ರಾತ್ರಿಯೇ, ಯಾಕೋ ಏನೋ.

ಮನೆಗಳಲ್ಲೂ ಅಷ್ಟೇ. ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಹೇಗೂ ಹೋಗುತ್ತಾಳೆ. 'ಈ ತಿಂಗಳು ಆರ್‌ಎಸ್‌ವಿ ಏರಿದೆ ಅಕ್ಕ, ನಾಮಕರಣ ಸ್ವಲ್ಪ ಮುಂದೆ ಹಾಕಿ, ಇಲ್ಲ ಮನೆಯವರಷ್ಟೇ ಸೇರಿ ಮಾಡಿ, ನೆಗಡಿ ಇದ್ದವರು ಕೂಸಿಗೆ ಮುತ್ತು ಕೊಡಬೇಡಿ' ಅಂತ ಹೇಳಬಹುದು. ವರ್ಷಪೂರ್ತಿ ಹೇಳಿದರೆ ಯಾರೂ ಕೇಳುವುದಿಲ್ಲ, ಆರು ವಾರ ಅಂದರೆ ಕೇಳುತ್ತಾರೆ. ಎಣ್ಣೆನೀರು ಹಾಕಿದ ಮೇಲೆ ಬಾಗಿಲು ಕಿಟಕಿ ಮುಚ್ಚಿ ಸಾಂಬ್ರಾಣಿ ಹೊಗೆ ಹಾಕುತ್ತಾರಲ್ಲ, ಅದನ್ನೂ ಆ ವಾರಗಳಲ್ಲಾದರೂ ನಿಲ್ಲಿಸಿ ಅನ್ನಬಹುದು. ಪೂರ್ತಿ ಬಿಡಿ ಅಂತ ಅಜ್ಜಿಯರ ಹತ್ತಿರ ಹೇಳಿ ಗೆದ್ದವರನ್ನು ನಾನು ಇನ್ನೂ ನೋಡಿಲ್ಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸುವುದು ಮಾತ್ರ ಯಾವ ವಾರವೂ ಬೇಡ.

ಈಗ ನನ್ನ ಬೇಡಿಕೆ. ನೀವು ದಿನಾ ಬೆಳಿಗ್ಗೆ ಕೆಆರ್‌ಎಸ್, ಲಿಂಗನಮಕ್ಕಿ, ತುಂಗಭದ್ರಾ ಜಲಾಶಯಗಳ ಮಟ್ಟ ಅಚ್ಚು ಹಾಕುತ್ತೀರಿ. ಗರಿಷ್ಠ ಎಷ್ಟು, ಇಂದು ಎಷ್ಟು, ಹೋದ ವರ್ಷ ಇದೇ ದಿನ ಎಷ್ಟು. ಅಷ್ಟೇ ಜಾಗದಲ್ಲಿ ವಾರಕ್ಕೊಂದು ದಿನ, ಸೋಮವಾರವೇ ಆಗಲಿ, ಜಿಲ್ಲೆಯ ಮಕ್ಕಳ ವಾರ್ಡಿನ ಮಟ್ಟ ಹಾಕಿ. ದಮ್ಮಿನಿಂದ ದಾಖಲಾದವರು ಎಷ್ಟು, ಅವರಲ್ಲಿ ಆರು ತಿಂಗಳೊಳಗಿನವರು ಎಷ್ಟು, ಪರೀಕ್ಷೆ ಎಷ್ಟಕ್ಕೆ ಆಯಿತು, ಯಾವ ವೈರಸ್, ಹೋದ ವರ್ಷ ಇದೇ ವಾರ ಎಷ್ಟು. ಪಕ್ಕದಲ್ಲಿ ಒಂದು ಸಣ್ಣ ಪಟ್ಟಿಯಲ್ಲಿ ಇದೂ ಇರಲಿ: ನಿಮಿಷಕ್ಕೆ ಉಸಿರು ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ, ಎಳೆಗೂಸು ನಡುನಡುವೆ ಉಸಿರು ನಿಲ್ಲಿಸಿದರೆ, ಬೆಳಗಾಗಲಿ ಅಂತ ಕಾಯದೆ ತಕ್ಷಣ ಕರೆತನ್ನಿ.

ಮೊದಲ ಕೆಲವು ವಾರ 'ಪರೀಕ್ಷೆ ಆಗಿಲ್ಲ', 'ಮಾಹಿತಿ ಕೊಟ್ಟಿಲ್ಲ' ಅಂತಲೇ ಬರಬಹುದು. ಅದನ್ನೂ ಹಾಗೆಯೇ ಹಾಕಿ, ಜಿಲ್ಲೆಯ ಹೆಸರಿನ ಮುಂದೆ. ರೋಗಗಳ ಲೆಕ್ಕ ನೋಡಿಕೊಳ್ಳುವ ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಸೋಮವಾರ ಬೆಳಿಗ್ಗೆ ನಿಮ್ಮ ವರದಿಗಾರರಿಂದ ಒಂದು ಫೋನ್ ಹೋಗಲಿ. ಅವರು ಹನ್ನೊಂದು ಗಂಟೆಯ ಮೀಟಿಂಗಿಗೆ ಹೋಗುವ ಮುಂಚೆ ಮಾಡಿದರೆ ಸಿಗುತ್ತಾರೆ.

ಇಂತಿ,
ಮಕ್ಕಳ ವಾರ್ಡಿನ ಒಬ್ಬ ಸಿಸ್ಟರ್
ಮಲೆನಾಡು